ಒಂದೇ ಒಂದು ಬಿಡ್ತು ಕಾರ್ಡು

"ಕಂಬದ ತುದೀಲಿ ನಿಂತಿದ್ದ ಲೈನ್‌ಮನ್‌ಗೆ ತಲೆ ಮೇಲೆ ಏನೋ ಬೆಚ್ಚಗಾಯ್ತು," ಎಂದು ಚೂಟಿ ದನಿ ತಗ್ಗಿಸಿದಳು. "ಕಣ್ಣು ಮೇಲೆ ಮಾಡಿ ನೋಡ್ತಾನೆ, ಹೆಲ್ಮೆಟ್ ಮೇಲೆ ಕಾಗೆ ಕೂತಿದೆ. ಮೊಟ್ಟೆ ಇಡ್ತಿದೆ."

ಬಟನ್ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಈಗಲೇ ನಗಬೇಡ ಕಣೇ. ಲೈನ್‌ಮನ್ ತುಂಬಾ ಒಳ್ಳೆಯವನು. ಮೊಟ್ಟೆ ಒಡೀಬಾರ್ದು ಅಂತ ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡ್ಕೊಂಡ."

"ಎರಡೂ ಕೈಯಲ್ಲಾ?" ಎಂದ ಪೆನ್ಸಿಲ್. "ಮತ್ತೆ ಕಂಬ?"

"ಅದೇ ಈಗ ಹೇಳೋದು. ಕಂಬ ಹಿಡಿಯೋಕೆ ಕೈಯೇ ಉಳಿಲಿಲ್ಲ." ಚೂಟಿ ಕೈಯಲ್ಲಿದ್ದ ಕಾರ್ಡನ್ನು ಮೆಟ್ಟಿಲ ಮೇಲೆ ಪಟ್ಟನೆ ಬೋರಲು ಹಾಕಿದಳು. "ಮೊಟ್ಟೆಗೆ ಏನೂ ಆಗ್ಲಿಲ್ಲ. ಲೈನ್‌ಮನ್ ಗೊಟಕ್."

"ಅಯ್ಯೋ ಪಾಪ," ಎಂದು ಬಟನ್ ನಕ್ಕು ನಕ್ಕು ಗೋಡೆಗೆ ಒರಗಿದಳು. ಪೆನ್ಸಿಲ್‌ಗೂ ತಡೆಯಲಾಗಲಿಲ್ಲ. "ಅಯ್ಯೋ ಪಾಪ," ಎಂದ ಅವನೂ.

ಆಟದ ಹೆಸರೇ 'ಅಯ್ಯೋ ಪಾಪ'. ಮೂವರೂ ಸೇರಿ ಮಾಡಿಕೊಂಡದ್ದು. ಬಟನ್‌ನ ಅಮ್ಮ ಟೈಲರ್. ಹೊಸ ಶರ್ಟುಗಳ ಒಳಗೆ ಬರುವ ರಟ್ಟನ್ನು ಅವರು ಎಸೆಯುವುದಿಲ್ಲ. ಅದನ್ನೇ ಅಂಗಡಿಯ ದೊಡ್ಡ ಕತ್ತರಿಯಲ್ಲಿ ಕಾರ್ಡಿನ ಅಳತೆಗೆ ಕತ್ತರಿಸಿದ್ದರು. ಚಿತ್ರಗಳೆಲ್ಲ ಪೆನ್ಸಿಲ್‌ನವು. ಅವನ ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ ಇರುತ್ತದೆ, ಅದಕ್ಕೇ ಆ ಹೆಸರು. ಇಟ್ಟವಳು ಚೂಟಿ. ಬಟನ್‌ಗೆ ಬಟನ್ ಅಂತ ಇಟ್ಟವಳೂ ಅವಳೇ. ಅವಳು ಒಂದು ಹೆಸರಿಟ್ಟಳು ಅಂದರೆ ಅದು ಅಂಟಿಕೊಂಡು ಬಿಡುತ್ತಿತ್ತು, ಚಪ್ಪಲಿಗೆ ಅಂಟಿದ ಚೂಯಿಂಗ್ ಗಮ್ಮಿನ ಹಾಗೆ.

ಆಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕುಟುಂಬ. ಚೂಟಿಯ ಪಾಲಿಗೆ ಲೈನ್‌ಮನ್, ಗೊರಕೆ ಚಿಕ್ಕಪ್ಪ, ಹಲ್ಲುಸೆಟ್ಟಿನ ಅತ್ತೆ. ಕೈಗೆ ಬಂದ ಕಷ್ಟದ ಕಾರ್ಡುಗಳನ್ನು ತನ್ನ ಕುಟುಂಬದ ಮೇಲೇ ಹಾಕಬೇಕು. ಸುಮ್ಮನೆ ಹಾಕುವಂತಿಲ್ಲ, ಕಷ್ಟ ಹೇಗೆ ಬಂತು ಅಂತ ಕತೆ ಹೇಳಬೇಕು. ಕೇಳಿದವರು 'ಅಯ್ಯೋ ಪಾಪ' ಅಂದರೆ ಕತೆ ಪಾಸು. ಕಷ್ಟಗಳೆಲ್ಲ ಮುಗಿದ ಮೇಲೆ ಗೊಟಕ್ ಕಾರ್ಡು. ಯಾರ ಕುಟುಂಬ ಎಲ್ಲರಿಗಿಂತ ಮೊದಲು ಪೂರ್ತಿ ಗೊಟಕ್ ಅನ್ನುತ್ತದೋ ಅವರೇ ಗೆದ್ದ ಹಾಗೆ.

ಗೆಲ್ಲುತ್ತಿರುವವರನ್ನು ತಡೆಯಲು ಇದ್ದದ್ದು ಒಂದೇ ಒಂದು ಕಾರ್ಡು. ಅದೇ ಬಿಡ್ತು ಕಾರ್ಡು. ಬೇರೆಯವರ ಹೆಣದ ಮೇಲೆ ಅದನ್ನು ಇಟ್ಟರೆ ಸಾಕು, ಹೆಣ ಎದ್ದು ಕೂತು ಕಾಫಿ ಕೇಳುತ್ತದೆ.

ಆ ಕಾರ್ಡು ಹುಟ್ಟಿದ್ದು ಅಜ್ಜಿಯಿಂದ. ಚೂಟಿಯ ಮನೆ ಬಾಗಿಲ ಎದುರಿನ ಮೆಟ್ಟಿಲೇ ಇವರ ಆಟದ ಜಾಗ. ಬಾಗಿಲ ಹಿಂದೆ ಅಜ್ಜಿಯ ಬೆತ್ತದ ಕುರ್ಚಿ. ಸಂಜೆಯಾದರೆ ಅಜ್ಜಿ ಅಲ್ಲಿ ಕೂತುಬಿಡುತ್ತಾಳೆ. ಕದ್ದು ಕೇಳೋದಕ್ಕೆ ಅನ್ನುವುದು ಚೂಟಿಯ ಅನುಮಾನ. ಮೊದಲ ದಿನ ಯಾರೋ ಗೊಟಕ್ ಅಂದಾಗ ಒಳಗಿಂದ ಕುರ್ಚಿ ಕಿರ್ ಎಂದಿತ್ತು. "ಏನು ಮಾತು ಅಂತ ಆಡ್ತೀರೇ. ಬಿಡ್ತು ಅನ್ನಿ, ಬಿಡ್ತು ಅನ್ನಿ."

ಕೆಟ್ಟ ಮಾತು ಬಾಯಿಂದ ಬಿದ್ದರೆ ಅಜ್ಜಿಗೆ ಅದನ್ನು ಕೂಡಲೇ ವಾಪಸ್ ತೆಗೆದುಕೊಳ್ಳಬೇಕು. ಬಿಡ್ತು ಅಂದರೆ ಮಾತು ಬಿಟ್ಟುಹೋಯಿತು, ಅಷ್ಟೇ. ಇದು ಪೆನ್ಸಿಲ್‌ಗೆ ಬಹಳ ಹಿಡಿಸಿತು. ಅಜ್ಜಿಯ ಮುಂದೆ ಕೂತು, ಅವಳ ಕೈ ನೋಡಿಕೊಂಡೇ ಚಿತ್ರ ಬರೆದ. ಮುಂದೆ ಚಾಚಿದ ಅಂಗೈ, ಸುಕ್ಕುಗಳು, ಮಣಿಕಟ್ಟಿನಲ್ಲಿ ನೀಲಿ ನರ. ಕೆಳಗೆ ದಪ್ಪ ಅಕ್ಷರದಲ್ಲಿ 'ಬಿಡ್ತು'. ಇಡೀ ಕಟ್ಟಿನಲ್ಲಿ ಅಷ್ಟು ಚೆಂದದ ಕಾರ್ಡು ಇನ್ನೊಂದಿರಲಿಲ್ಲ.

ಈಗಲೂ ಒಳಗೆ ಕುರ್ಚಿ ಕಿರ್ ಎಂದಿತು. "ಲೇ ಚೂಟಿ, ಬಿಡ್ತು ಅನ್ನೇ."

"ಅಜ್ಜಿ, ಬಿಡ್ತು ಪೆನ್ಸಿಲ್ ಹತ್ರ ಇದೆ. ಅವನು ಹಾಕಿದ್ರೆ ಉಂಟು, ಇಲ್ದಿದ್ರೆ ಲೈನ್‌ಮನ್ ಮಣ್ಣಿಗೆ."

"ಅವಂದೂ ನಿಮ್ಮಪ್ಪಂದೇ ಕೆಲಸ ಕಣೇ."

"ಕಾರ್ಡು ಅಜ್ಜಿ ಅದು. ರಟ್ಟು."

ಚೂಟಿಯ ಅಪ್ಪ ನಿಜಕ್ಕೂ ಲೈನ್‌ಮನ್. ಕತೆಗೆ ಕಾಗೆಯನ್ನು ತಂದವನೂ ಅವನೇ. ಕಂಬದ ಮೇಲೆ ಕೆಲಸ ಮಾಡುವಾಗ ಕಾಗೆಯೊಂದು ಹೆಲ್ಮೆಟ್ಟಿಗೆ ಟಕಟಕ ಕುಕ್ಕಿತು ಅಂತ ಊಟದ ಹೊತ್ತಿಗೆ ಹೇಳಿದ್ದ. ಮೊಟ್ಟೆ ಮಾತ್ರ ಚೂಟಿಯದು.

"ನಾನು ಈಗ ಹಾಕಲ್ಲ," ಎಂದ ಪೆನ್ಸಿಲ್. "ಬಿಡ್ತುನ ಹಲ್ಲುಸೆಟ್ಟಿನ ಅತ್ತೆಗೆ ಇಟ್ಕೊಂಡಿದ್ದೀನಿ."

ಅಷ್ಟರಲ್ಲಿ ಗಾಳಿ ಜೋರಾಯಿತು. ಮೆಟ್ಟಿಲ ದೀಪ ಎರಡು ಸಲ ಕಣ್ಣು ಮಿಟುಕಿಸಿ ಆರಿಹೋಯಿತು. ಬೀದಿಯೂ ಕತ್ತಲು. ಮೇಲಿನಿಂದ ಪೆನ್ಸಿಲ್‌ನ ಅಮ್ಮ ಕೂಗಿದರು, ಕೆಳಗಿನಿಂದ ಬಟನ್‌ನ ಅಮ್ಮ ಕೂಗಿದರು. ಇಬ್ಬರೂ ಕಂಬಿ ಸವರಿಕೊಂಡು ಹೊರಟರು.

ಅಜ್ಜಿ ಟಾರ್ಚ್ ಹಿಡಿದು ಬಂದಳು. ಎಂದೂ ಆ ಕಾರ್ಡುಗಳನ್ನು ಮುಟ್ಟದವಳು ಅವತ್ತು ತಾನೂ ಬಗ್ಗಿ ಆರಿಸಿಕೊಟ್ಟಳು. ಒಳಗೆ ಅಪ್ಪನ ಫೋನು ಬಡಿದುಕೊಳ್ಳುತ್ತಿತ್ತು. ಎಲ್ಲೋ ಮರ ಬಿದ್ದು ತಂತಿ ತುಂಡಾಗಿತ್ತು.

ಅಪ್ಪ ಬೂಟಿನ ದಾರ ಕಟ್ಟುತ್ತಾ "ಹೆಲ್ಮೆಟ್ ಎಲ್ಲಿ?" ಎಂದ.

"ನನ್ನ ಹತ್ರ ಇದೆ," ಎಂದಳು ಅಜ್ಜಿ ಕತ್ತಲಿನಿಂದ. "ಧೂಳಾಗಿತ್ತು, ಒರೆಸ್ತಿದ್ದೆ."

* * *

ಮರುದಿನ ಸ್ಕೂಲಿನಲ್ಲಿ ಊಟದ ಬೆಲ್ಲಿಗೆ ಮುಂಚೆಯೇ ಚೂಟಿ ಡೆಸ್ಕಿನ ಕೆಳಗೆ ಕಾರ್ಡು ಎಣಿಸಿದಳು. ಒಂದು ಕಮ್ಮಿ. ಮತ್ತೆ ಎಣಿಸಿದಳು. ಚಿತ್ರ ನೋಡಿ ನೋಡಿ ಹಾಕಿದಳು. ಅಂಗೈ ಚಿತ್ರ ಇರಲಿಲ್ಲ.

ಬೆಲ್ ಆದದ್ದೇ ತಡ, ಪೆನ್ಸಿಲ್‌ನ ಬೆಂಚಿನ ಮುಂದೆ ಹೋಗಿ ನಿಂತಳು.

"ಬಿಡ್ತು ಕೊಡು."

"ನನ್ನ ಹತ್ರ ಇಲ್ಲ. ಕರೆಂಟ್ ಹೋದಾಗ ಅಲ್ಲೇ ಮೆಟ್ಟಿಲ ಮೇಲೆ ಇಟ್ಟೆ."

"ಮೆಟ್ಟಿಲ ಮೇಲೆ ಇದ್ದಿದ್ರೆ ಕಟ್ಟಲ್ಲಿ ಇರ್ಬೇಕಿತ್ತು. ನಾನೇ ಎಲ್ಲ ಎತ್ಕೊಂಡೆ."

"ಇಟ್ಟೆ ಕಣೇ."

"ಮನೆಗೆ ತಗೊಂಡು ಹೋಗ್ಲಾ, ಅಮ್ಮಂಗೆ ತೋರಿಸ್ತೀನಿ ಅಂತ ಬರೆದ ದಿನ ನೀನೇ ಕೇಳಿದ್ದೆ ತಾನೇ?"

"ಕೇಳಿದ್ದೆ. ನೀನು ಬೇಡ ಅಂದೆ. ಬಿಟ್ಟೆ."

ಸುತ್ತ ಹುಡುಗರು ಸೇರತೊಡಗಿದ್ದರು. ಚೂಟಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಏನಾದರೂ ಮಾಡದಿದ್ದರೆ ಮೈಯೆಲ್ಲ ಸಿಡಿದುಹೋಗುತ್ತದೆ ಅನ್ನುವ ಹಾಗೆ.

"ಕಳ್ಳರು ಕದ್ದೆ ಅಂತ ಹೇಳ್ತಾರಾ?" ಎಂದವಳೇ ಅವನ ಬ್ಯಾಗನ್ನು ಎಳೆದು ಬೆಂಚಿನ ಮೇಲೆ ಸುರಿದಳು.

ಪುಸ್ತಕಗಳು ಬಿದ್ದವು. ತಿಂಡಿ ಡಬ್ಬಿ ಬಿತ್ತು. ಕೊನೆಗೆ ಒಂದು ಪುಟಾಣಿ ಸಾಕ್ಸ್ ಬಿತ್ತು. ಬಿಳಿ ಬಣ್ಣದ್ದು, ತುದಿಯಲ್ಲಿ ಬಾತುಕೋಳಿ ಇದ್ದದ್ದು. ಅವನ ಪಾಪು ತಂಗಿಯದಿರಬೇಕು. ಅದರ ಬಾಯಿಂದ ಮೋಟು ಪೆನ್ಸಿಲ್‌ಗಳು ಉರುಳಿ ನೆಲದ ತುಂಬ ಹರಡಿದವು.

ಕಾರ್ಡು ಇರಲಿಲ್ಲ.

ಹಿಂದಿನ ಬೆಂಚಿನ ಉದ್ದ ಹುಡುಗ ಸಾಕ್ಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದೇನೋ ಇದು, ಪೌಚ್ ಇಲ್ವಾ? ಸಾಕ್ಸಾ?"

ತರಗತಿಯೇ ನಕ್ಕಿತು. ಪೆನ್ಸಿಲ್ ಮಂಡಿಯೂರಿ ಮೋಟುಗಳನ್ನು ಒಂದೊಂದಾಗಿ ಹೆಕ್ಕಿದ. ಅವನ ಕಿವಿ ಕೆಂಪಾಗಿತ್ತು. ಚೂಟಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಸಂಜೆ ಗೇಟು ದಾಟುವ ಹೊತ್ತಿಗೆ ಎಲ್ಲರೂ ಅವನನ್ನು ಸಾಕ್ಸ್ ಅನ್ನತೊಡಗಿದ್ದರು. ಈ ಹೆಸರನ್ನು ಚೂಟಿ ಇಟ್ಟಿರಲಿಲ್ಲ. ಆದರೂ ಅದು ಯಾರ ಕೈಯಿಂದ ಬಿದ್ದದ್ದು ಅಂತ ಅವಳಿಗೆ ಗೊತ್ತಿತ್ತು.

* * *

ಆ ವಾರವೆಲ್ಲ ಗಾಳಿ. ಅಪ್ಪ ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು. ಅಮ್ಮ ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಬರುವಾಗ ಅವನು ಹೋಗುತ್ತಿದ್ದ. ಇಬ್ಬರೂ ಮೆಟ್ಟಿಲ ಮೇಲೆ ಎದುರಾಗಿ, "ಸಾರು ಒಲೆ ಮೇಲಿದೆ," "ಕೊಡೆ ತಗೊಂಡ್ಯಾ," ಅಂತ ಎರಡೇ ಮಾತಾಡಿ ದಾಟುತ್ತಿದ್ದರು.

ಮೆಟ್ಟಿಲ ಮೇಲೆ ಆಟವೂ ನಿಂತಿತ್ತು. ಪೆನ್ಸಿಲ್ ಬರಲಿಲ್ಲ. ಇಬ್ಬರೇ ಆಡಿದರೆ ಅದು ಆಟವೇ ಅಲ್ಲ. ಒಬ್ಬಳು ಕತೆ ಹೇಳಿದರೆ ಇನ್ನೊಬ್ಬಳು ಒಬ್ಬಳೇ ನಗಬೇಕು.

"ನೀನು ಕಳ್ಳ ಅನ್ನಬಾರದಿತ್ತು," ಎಂದಳು ಬಟನ್.

"ಹಾಗಾದ್ರೆ ಕಾರ್ಡು ರೆಕ್ಕೆ ಬಂದು ಹಾರಿಹೋಯ್ತಾ?"

"ನಂಗೇನು ಗೊತ್ತು. ಬ್ಯಾಗಲ್ಲಿ ಇರ್ಲಿಲ್ಲ ತಾನೇ."

ಚೂಟಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ನೋಡಿದಳು. ಕಾಲೊರೆಸುವ ಚಾಪೆ ಎತ್ತಿ ಕೊಡವಿದಳು. ಕಂಬಿಯ ಸಂದಿನಿಂದ ಬಿದ್ದಿರಬಹುದೆಂದು ಕೆಳಗೆ ನೀರಿನ ಪಂಪಿನ ಹಿಂದೆ ತೂರಿ, ಮೈಗೆಲ್ಲ ಜೇಡರ ಬಲೆ ಮೆತ್ತಿಸಿಕೊಂಡು ಬಂದಳು. ಹೋಮ್‌ವರ್ಕಿಗೆ ಕೂತರೆ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ಕಾಲು ಕುಣಿಸಬೇಡ್ವೇ, ಟೇಬಲ್ ಅಲ್ಲಾಡತ್ತೆ," ಎಂದಳು ಬಟಾಣಿ ಸುಲಿಯುತ್ತಿದ್ದ ಅಜ್ಜಿ. "ಕಾಲಿಗೆ ಚಕ್ರ ಕಟ್ಕೊಂಡವರ ಹಾಗೆ ಏನು ಹುಡುಕ್ತಿದ್ದೀಯ ಮೂರು ಹೊತ್ತೂ?"

"ಬಿಡ್ತು ಕಾರ್ಡು."

ಒಂದು ಬಟಾಣಿ ಕೈ ಜಾರಿ ನೆಲಕ್ಕೆ ಹಾರಿತು. ಅಜ್ಜಿ ಅದರ ಹಿಂದೆಯೇ ಬಗ್ಗಿದಳು. "ಹೋದ್ರೆ ಹೋಗ್ಲಿ. ಇನ್ನೊಂದು ಬರ್ಕೊಂಡ್ರಾಯ್ತು."

"ಬರೆಯೋನು ಬರ್ತಿಲ್ವಲ್ಲ ಅಜ್ಜಿ."

"ಯಾಕೆ ಬರ್ತಿಲ್ಲ?"

ಚೂಟಿ ಪುಸ್ತಕದ ಪುಟ ತಿರುಗಿಸಿದಳು. ಬಗ್ಗಿದ್ದ ಅಜ್ಜಿ ಬರಿಗೈಯಲ್ಲಿ ಎದ್ದಳು. ಬಟಾಣಿ ಮೇಜಿನ ಕೆಳಗೇ ಇತ್ತು.

* * *

ಶನಿವಾರ ಮಧ್ಯಾಹ್ನ ಅಪ್ಪ ಹಾಲ್‌ನಲ್ಲಿ ನೆಲದ ಮೇಲೆಯೇ ಮಲಗಿ ಗೊರಕೆ ಹೊಡೆಯುತ್ತಿದ್ದ. ಫೋನು ಬಂತು. ಕಣ್ಣು ಬಿಡದೆಯೇ "ಹೂಂ, ಬಂದೆ," ಎಂದು ಎದ್ದು ಬೂಟಿಗೆ ಕಾಲು ತೂರಿಸಿದ.

"ಪುಟ್ಟಿ, ಹೆಲ್ಮೆಟ್ ಕೊಡು."

ಚೂಟಿ ಮೊಳೆಯಿಂದ ಹೆಲ್ಮೆಟ್ ತೆಗೆದಳು. ಆತುರಕ್ಕೆ ಅದು ಕೈಯಲ್ಲಿ ತಲೆಕೆಳಗಾಯಿತು. ಒಳಗೆ, ಹಣೆಗೆ ತಾಗುವ ಪಟ್ಟಿಯ ಹಿಂದೆ, ರಟ್ಟಿನ ಮೂಲೆಯೊಂದು ಕಾಣಿಸಿತು. ಎಳೆದಳು.

ಚಾಚಿದ ಅಂಗೈ. ಸುಕ್ಕುಗಳು. ನೀಲಿ ನರ. ಬೆವರು ಹತ್ತಿ ಹತ್ತಿ ರಟ್ಟು ಮೆತ್ತಗಾಗಿತ್ತು, ಆದರೂ 'ಬಿಡ್ತು' ಅನ್ನುವುದನ್ನು ಓದಬಹುದಿತ್ತು.

"ಅಪ್ಪಾ, ಇದು ನಮ್ಮದು," ಅಷ್ಟೇ ಅವಳ ಬಾಯಿಂದ ಬಂತು. "ನೀನಾ ತಗೊಂಡಿದ್ದು?"

ಅಪ್ಪ ಬಾಯಿ ಮೇಲೆ ಬೆರಳಿಟ್ಟು ಅಡುಗೆಮನೆಯ ಕಡೆ ಗಲ್ಲ ತೋರಿಸಿದ. ಅಲ್ಲಿ ಪಾತ್ರೆ ತೊಳೆಯುವ ಸದ್ದು.

"ಮರ ಬಿತ್ತಲ್ಲ, ಅವತ್ತು ಅರ್ಧ ದಾರೀಲಿ ಹಣೆಗೆ ಏನೋ ಚುಚ್ತು," ಎಂದ ಪಿಸುಮಾತಿನಲ್ಲಿ. "ತೆಗೆದು ನೋಡಿದ್ರೆ ನಿಮ್ಮಜ್ಜಿ ಕೈ. ಏನು ಅಂತ ನಂಗೂ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಬಂದು ಕೇಳೋಣ ಅಂದ್ರೆ, ಬಾಗಿಲು ತೆಗೆದವಳೇ ಮೊದಲು ಹೆಲ್ಮೆಟ್ ನೋಡಿದ್ಲು. ಆಮೇಲೆ ನನ್ನ ನೋಡಿದ್ಲು. ಕೇಳೋಕೆ ಹೋಗ್ಲಿಲ್ಲ."

"ಅದನ್ನ ಅಲ್ಲೇ ಬಿಟ್ಯಾ?"

"ಈಗ ಚುಚ್ಚಲ್ಲ. ಮೆತ್ತಗಾಗಿದೆ." ಅಪ್ಪ ದಾರ ಬಿಗಿದ. "ನೀನೇನೋ ಕಾಗೆ ಕತೆ ಹೇಳಿದ್ಯಂತಲ್ಲ. ಬಟನ್‌ನ ಅಪ್ಪ ಸಿಕ್ಕಿ ಹೇಳಿದ್ರು. ಮೊಟ್ಟೆಗೆ ಏನೂ ಆಗ್ಲಿಲ್ಲ ಅಂತೆ." ಅವನ ಹೊಟ್ಟೆ ಕುಲುಕಿತು. "ಚೆನ್ನಾಗಿದೆ. ನಮ್ಮ ಡಿಪಾರ್ಟ್‌ಮೆಂಟಲ್ಲಿ ಎಲ್ಲರಿಗೂ ಹೇಳಿದ್ದೀನಿ. ಅಜ್ಜಿಗೆ ಮಾತ್ರ ನಗು ಬಂದಿಲ್ಲ ಅನ್ಸತ್ತೆ."

ಅವನು ಕೈ ಚಾಚಿದ. ಚೂಟಿಯ ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಕಾರ್ಡು. ಕಾರ್ಡು ತೆಗೆದುಕೊಂಡು ಹೋಗಿ ತೋರಿಸಿದರೆ ಪೆನ್ಸಿಲ್ ಕಳ್ಳನಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಎಲ್ಲಿತ್ತು ಅಂತಲೂ ಕೇಳುತ್ತಾರೆ.

ಕೆಳಗೆ ಜೀಪು ಹಾರ್ನ್ ಹೊಡೆಯಿತು.

ಚೂಟಿ ಕಾರ್ಡನ್ನು ಪಟ್ಟಿಯ ಹಿಂದೆ ತೂರಿಸಿದಳು. ಮೂಲೆ ಹೊರಗೆ ಕಾಣುತ್ತಿತ್ತು. ಇನ್ನಷ್ಟು ಒಳಗೆ ಒತ್ತಿ ಹೆಲ್ಮೆಟ್ ಕೊಟ್ಟಳು.

ಅಡುಗೆಮನೆಯಲ್ಲಿ ನಲ್ಲಿ ನಿಂತಿತ್ತು. ಅಜ್ಜಿ ಒಣಗಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಅಜ್ಜಿ, ನಾನು ಪೆನ್ಸಿಲ್‌ನ ಕಳ್ಳ ಅಂದೆ. ಎಲ್ಲರ ಮುಂದೆ. ಬ್ಯಾಗ್ ಸುರಿದೆ."

ತಟ್ಟೆ ಒರೆಸುತ್ತಿದ್ದ ಕೈ ನಿಂತಿತು. "ಅದಕ್ಕಾ ಆ ಮಗು ಬರ್ತಿಲ್ಲ?"

"ಹೂಂ."

ಅಜ್ಜಿ ಬಹಳ ಹೊತ್ತು ತನ್ನ ಕೈ ನೋಡಿಕೊಂಡಳು. ಆಮೇಲೆ ತಟ್ಟೆ ಇಟ್ಟು, ಮಂಡಿ ಹಿಡಿದು ಬಾಗಿಲ ಕಡೆ ನಡೆದಳು. "ಚಪ್ಪಲಿ ಕೊಡು. ನಾನೇ ಹೋಗಿ ಹೇಳ್ತೀನಿ ಅವನಿಗೆ."

ಚೂಟಿ ಒಂದೇ ಜಿಗಿತಕ್ಕೆ ಬಾಗಿಲಿಗೆ ಅಡ್ಡ ನಿಂತಳು. ಅಜ್ಜಿ ಹೇಳಿದರೆ ಮೇಲಿನ ಮನೆಗೆ ಗೊತ್ತಾಗುತ್ತದೆ, ಆಮೇಲೆ ಕೆಳಗಿನ ಮನೆಗೆ, ಆಮೇಲೆ ಸ್ಕೂಲಿಗೆ. ಹಿಂದಿನ ಬೆಂಚಿನ ಉದ್ದ ಹುಡುಗನಿಗೆ ಹೆಸರು ಹುಡುಕಲು ಎಷ್ಟು ಹೊತ್ತು? ಕಳ್ಳಜ್ಜಿ. ಅವಳಿಗೇ ಹೊಳೆದಿತ್ತು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ.

"ನೀನು ಬೇಡ ಅಜ್ಜಿ. ಬ್ಯಾಗ್ ಸುರಿದಿದ್ದು ನಾನು."

* * *

ಸೋಮವಾರ ಪ್ರಾರ್ಥನೆಗೆ ಮುಂಚೆ ಚೂಟಿ ಪೆನ್ಸಿಲ್‌ನನ್ನು ನೀರಿನ ನಲ್ಲಿಯ ಹತ್ತಿರ ಹಿಡಿದಳು.

"ನೀನು ತಗೊಂಡಿರ್ಲಿಲ್ಲ. ನಂಗೆ ಗೊತ್ತಾಯ್ತು. ಸಾರಿ."

"ಸಿಕ್ತಾ?"

"ಸಿಕ್ತು. ಆದ್ರೆ ತರೋಕಾಗಲ್ಲ."

"ಎಲ್ಲಿತ್ತು?"

"ಅದು ಹೇಳೋಕಾಗಲ್ಲ."

ಪೆನ್ಸಿಲ್ ಬಾಟಲಿಯ ಮುಚ್ಚಳ ತಿರುಗಿಸಿದ, ಬಿಚ್ಚಿದ, ಮತ್ತೆ ತಿರುಗಿಸಿದ. "ಸರಿ," ಎಂದ. ಅದರಲ್ಲಿ ಏನೂ ಸರಿಯಾಗಿರಲಿಲ್ಲ. ಹೊರಟುಹೋದ.

ತರಗತಿಯೊಳಗೆ ಕಾಲಿಟ್ಟರೆ, "ಬಂದ ನೋಡ್ರೋ ಸಾಕ್ಸ್," ಎಂದು ಉದ್ದ ಹುಡುಗ ಬೆಂಚು ಬಡಿಯುತ್ತಿದ್ದ.

"ಅವನ ಹೆಸರು ಪೆನ್ಸಿಲ್," ಎಂದಳು ಚೂಟಿ.

"ನೀನೇ ತಾನೇ ಸುರಿದಿದ್ದು?"

ಚೂಟಿ ತನ್ನ ಜಾಗಕ್ಕೆ ಹೋಗಿ ಎಡಗಾಲಿನ ಶೂ ಬಿಚ್ಚಿದಳು. ಸಾಕ್ಸ್ ಎಳೆದಳು. ತನ್ನ ಹೊಸ ಪೌಚ್ ಬಗ್ಗಿಸಿ, ಪೆನ್ನು, ಸ್ಕೇಲು, ರಬ್ಬರ್ ಎಲ್ಲವನ್ನೂ ಸಾಕ್ಸಿನೊಳಗೆ ತುಂಬಿ ಡೆಸ್ಕಿನ ಮೇಲೆ ಇಟ್ಟಳು. ಸ್ಕೇಲು ಅರ್ಧ ಹೊರಗೇ ಉಳಿಯಿತು.

ಪಕ್ಕದವಳು ಮೂಗು ಮುಚ್ಚಿಕೊಂಡು ಬೆಂಚಿನ ಆ ತುದಿಗೆ ಸರಿದಳು.

"ಜೋಡಿ ಸಿಕ್ತು, ಜೋಡಿ ಸಿಕ್ತು," ಎಂದು ಹಿಂದಿನಿಂದ ಕೂಗು. "ಎಡಗಾಲು, ಬಲಗಾಲು."

ಸಮಾಜ ಪಾಠದ ಮಿಸ್ ಒಳಗೆ ಬಂದು ಕನ್ನಡಕದ ಮೇಲಿನಿಂದ ನೋಡಿದರು. "ಇದೇನಮ್ಮ, ಒಂದು ಕಾಲಿಗೆ ಬೇಸಿಗೆ, ಇನ್ನೊಂದಕ್ಕೆ ಚಳಿಗಾಲನಾ?"

ಚೂಟಿ ಪೆನ್ಸಿಲ್‌ನ ಕಡೆ ತಿರುಗಲಿಲ್ಲ. ಇಡೀ ದಿನ ಬರಿಗಾಲಿಗೆ ಶೂ ಉಜ್ಜಿ ಉಜ್ಜಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು.

* * *

ಸಂಜೆ ಬಟನ್ ಕಾರ್ಡು ಹಂಚುತ್ತಿದ್ದಾಗ ಮೇಲಿನಿಂದ ಹೆಜ್ಜೆ ಸದ್ದು ಕೇಳಿಸಿತು. ಪೆನ್ಸಿಲ್ ಇಳಿದು ಬಂದ. ಅವರ ಮೆಟ್ಟಿಲಿಗೆ ಬರಲಿಲ್ಲ. ಮೂರು ಮೆಟ್ಟಿಲು ಮೇಲೆಯೇ ಕೂತು ಕೈ ಚಾಚಿದ. ಬಟನ್ ಏನೂ ಕೇಳದೆ ಅವನ ಪಾಲು ಕೊಟ್ಟಳು.

"ಬಿಡ್ತು ಕಾರ್ಡು ಇಲ್ಲ," ಎಂದಳು. "ಇವತ್ತು ಸತ್ತವರು ಸತ್ತ ಹಾಗೆ."

ಪೆನ್ಸಿಲ್ ತನ್ನ ಕುಟುಂಬದಿಂದ ಒಂದು ಕಾರ್ಡು ಆರಿಸಿದ. ಎರಡು ಜಡೆಯ ಹುಡುಗಿ. ಹೆಸರು ಜಾಣಮರಿ.

"ಜಾಣಮರಿ ಮನೇಲಿ ಒಂದು ಸೂಜಿ ಕಳೆದುಹೋಯ್ತು," ಎಂದು ಶುರು ಮಾಡಿದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಅವಳು ಪಕ್ಕದ ಮನೆಗೆ ಹೋಗಿ ಅವರ ಚೀಲ ಸುರಿದ್ಲು. ಸೂಜಿ ಸಿಗ್ಲಿಲ್ಲ. ಒಂದು ಸಾಕ್ಸ್ ಬಿತ್ತು. ಅದು ಮಲಗಿತ್ತು. ನಿದ್ದೆ ಕೆಡಿಸಿದ್ರೆ ಸಾಕ್ಸ್‌ಗೆ ತುಂಬಾ ಸಿಟ್ಟು ಬರತ್ತೆ."

ಬಟನ್‌ನ ತುಟಿ ಅದುರಿತು. ಚೂಟಿ ಕಾಲು ಕುಣಿಸುತ್ತಿದ್ದಳು.

"ಅದು ಜಾಣಮರಿ ಹೆಬ್ಬೆರಳು ನುಂಗ್ತು. ಆಮೇಲೆ ಪಾದ. ಆಮೇಲೆ ಮಂಡಿ. 'ನಾನು ಜಾಣೆ, ನನ್ನ ಬಿಡು' ಅಂದ್ಲು. ಸಾಕ್ಸ್ ಹೊಟ್ಟೆನೂ ನುಂಗ್ತು. ಕುತ್ತಿಗೆನೂ ನುಂಗ್ತು. ಕೊನೆಗೆ ಬಾಯಿ ಒಂದೇ ಉಳೀತು. ಬಾಯಿನ ನೆಕ್ಕಿ ನೋಡಿ ಉಗೀತು." ಅವನು ಕಾರ್ಡನ್ನು ಬೋರಲು ಹಾಕಿದ. "ತುಂಬಾ ಖಾರ ಇತ್ತಂತೆ. ಗೊಟಕ್."

ಬಟನ್ ಫಕ್ಕನೆ ನಕ್ಕಳು. ಆಮೇಲೆ ಇಬ್ಬರ ಮುಖ ನೋಡಿ ನಗುವನ್ನು ಒಳಗೆ ಎಳೆದುಕೊಂಡಳು.

ಚೂಟಿಯ ಕಿವಿ ಉರಿಯುತ್ತಿತ್ತು. ನಗುವೂ ಬರುತ್ತಿತ್ತು. ಕತೆ ಪಾಸಾಗಬೇಕಾದರೆ ಯಾರಾದರೂ ಹೇಳಲೇಬೇಕು.

"ಅಯ್ಯೋ ಪಾಪ," ಎಂದಳು ಅವಳೇ.

ಬಾಗಿಲ ಹಿಂದೆ ಕುರ್ಚಿ ಕಿರ್ ಎಂದಿತು.

"ಬಿಡ್ತು ಅನ್ನೋ ಮರಿ." ಅಜ್ಜಿಯ ದನಿ ಯಾವತ್ತಿನ ಹಾಗೆ ಗದರುತ್ತಿರಲಿಲ್ಲ. ಕೇಳಿಕೊಳ್ಳುವ ಹಾಗಿತ್ತು.

ಪೆನ್ಸಿಲ್ ಬಾಗಿಲ ಕಡೆ ನೋಡಿದ. "ಕಾರ್ಡು ಇಲ್ವಲ್ಲ ಅಜ್ಜಿ."

"ಕಾರ್ಡು ಯಾಕೆ? ಬಾಯಿಲ್ವಾ?"

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಅದರ ತುದಿ ಕಚ್ಚಿದ. ಗೋಡೆ ನೋಡಿದ. ಚೂಟಿಯ ಬರಿ ಹಿಮ್ಮಡಿ, ಅದರ ಮೇಲಿನ ಕೆಂಪು ಗುಳ್ಳೆ ನೋಡಿದ. ಯಾರೂ ಆತುರ ಮಾಡಲಿಲ್ಲ.

"ಬಿಡ್ತು," ಎಂದ ಕೊನೆಗೆ.

ಕಾರ್ಡನ್ನು ತಿರುಗಿಸಿ ಇಟ್ಟ. ಎರಡು ಜಡೆಯ ಹುಡುಗಿ ಎದ್ದು ಕೂತಳು.

ಕೆಳಗೆ ಗೇಟು ಕಿರುಗುಟ್ಟಿತು. ಭಾರದ ಬೂಟುಗಳು ಮೆಟ್ಟಿಲು ಹತ್ತಿದವು. ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ಹೆಲ್ಮೆಟ್ ಬಕೆಟ್ಟಿನ ಹಾಗೆ ತಲೆಕೆಳಗಾಗಿ ತೂಗುತ್ತಿತ್ತು.

"ಇವತ್ತು ಯಾರ್ಯಾರು ಹೋದ್ರು?"

"ಒಬ್ಳು ಹೋಗಿ ವಾಪಸ್ ಬಂದ್ಲು ಅಂಕಲ್," ಎಂದಳು ಬಟನ್.

"ಪುಣ್ಯವಂತೆ," ಎಂದ ಅಪ್ಪ. ಕಾರ್ಡುಗಳನ್ನು ತುಳಿಯದಂತೆ ಕಾಲೆತ್ತಿ ಬಾಗಿಲ ಕಡೆ ದಾಟಿದ. ಹೆಲ್ಮೆಟ್ ಪೆನ್ಸಿಲ್‌ನ ಮೂಗಿನ ಕೆಳಗೇ ಹಾದುಹೋಯಿತು.

ಪಟ್ಟಿಯ ಹಿಂದಿನಿಂದ ಕಾರ್ಡು ಅರ್ಧ ಹೊರಬಂದಿತ್ತು. ಪೆನ್ಸಿಲ್ ಅದನ್ನು ನೋಡಿದ್ದನ್ನು ಚೂಟಿ ನೋಡಿದಳು. ತಾನೇ ಬರೆದ ಕೈಯನ್ನು ಅವನು ಗುರುತಿಸದೆ ಇರುತ್ತಾನೆಯೇ? ಅವನ ಕಣ್ಣು ಹೆಲ್ಮೆಟ್ಟಿನಿಂದ ಬಾಗಿಲಿಗೆ ಹೋಯಿತು. ಬಾಗಿಲಿನಿಂದ ಚೂಟಿಗೆ ಬಂತು. ಒಂದು ಮಾತು ಸಾಕಿತ್ತು. ಬಟನ್ ಅಲ್ಲೇ ಇದ್ದಳು.

ಪೆನ್ಸಿಲ್ ಎದ್ದು ಮೂರೂ ಮೆಟ್ಟಿಲು ಇಳಿದು ಚೂಟಿಯ ಪಕ್ಕ ಕೂತ.

"ಬೆವರಿಗೆ ಬಣ್ಣ ಹೋಗ್ತಿದೆ," ಎಂದ ಅವಳಿಗೆ ಮಾತ್ರ ಕೇಳುವಂತೆ. "ಕ್ರೇಯಾನ್ ಹಚ್ಚಿ ಕೊಡ್ತೀನಿ. ಅದು ನೀರಿಗೆ ಹೋಗಲ್ಲ."

"ಏನದು ಗುಸುಗುಸು?" ಎಂದಳು ಬಟನ್.

"ಏನಿಲ್ಲ. ನಿನ್ನ ಆಟ, ಆಡು," ಎಂದಳು ಚೂಟಿ.

ಬಟನ್ ತನ್ನ ಅಡುಗೆಭಟ್ಟನನ್ನು ಪಾತ್ರೆಯೊಳಗೆ ಬೀಳಿಸಲು ಶುರು ಮಾಡಿದಳು. ಒಳಗೆ ಬೆತ್ತದ ಕುರ್ಚಿ ಮತ್ತೆ ಕಿರ್ ಎಂದಿತು, ಈ ಸಲ ಯಾರೋ ಎದ್ದ ಸದ್ದು. ಅಜ್ಜಿಯ ಹೆಜ್ಜೆಗಳು ಬಾಗಿಲಿನಿಂದ ದೂರ, ಅಡುಗೆಮನೆಗೆ ಹೋದವು. ಒಲೆ ಹೊತ್ತಿತು. ಕತೆ ಅರ್ಧಕ್ಕೇ ಇತ್ತು, ಆದರೂ ಅಜ್ಜಿ ಕೇಳಲು ನಿಲ್ಲಲಿಲ್ಲ.

ನಿನ್ನೆಯೂ ಹೀಗೇ ಎದ್ದಿದ್ದಳು. ಮೊನ್ನೆಯೂ. ಗೇಟು ಸದ್ದಾಗಿ, ಬೂಟು ಮೆಟ್ಟಿಲು ಹತ್ತಿ, ಬಾಗಿಲು ತೆಗೆದ ಮೇಲೆ. ಇಷ್ಟು ದಿನ ಅಜ್ಜಿ ಆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದದ್ದು ಇವರ ಕತೆಗಳನ್ನಲ್ಲ.

ಚೂಟಿ ತನ್ನ ಕಾಲು ನೋಡಿಕೊಂಡಳು. ಅದು ಕುಣಿಯುತ್ತಿರಲಿಲ್ಲ. ಯಾವಾಗ ನಿಂತಿತು ಎಂದು ಯೋಚಿಸಿದಳು.

ಕೆಳಗೆ ಗೇಟು ಕಿರುಗುಟ್ಟಿದಾಗ.